ಗ್ರೋ ಲೈಟ್ ಗಿಡಕ್ಕಿರಲಿ, ನೀವು ಅದರ ಕೆಳಗೆ ಕೂರಬೇಡಿ

ನೀವು ಹಾಕಿದ ಪೋಸ್ಟ್‌ನಲ್ಲಿ ಎಲೆ ಉದುರಿದ ಕರಿಬೇವಿನ ಪಾಟ್ ನೋಡಿದೆ. ಗಿಡದ ವಿಷಯಕ್ಕೆ ಆಗಲೇ ಇಪ್ಪತ್ತು ಜನ ಉತ್ತರ ಕೊಟ್ಟಿದ್ದಾರೆ. ನಾನು ತಡೆದು ನಿಂತದ್ದು ನಿಮ್ಮ ಕೊನೆಯ ಸಾಲುಗಳಲ್ಲಿ: ರಾತ್ರಿ ಊಟವಾದ ಮೇಲೆ ನೀವೂ ಒಂದು ಗಂಟೆ ಆ ನೇರಳೆ ಗ್ರೋ ಲೈಟ್, ಎಂದರೆ ಮನೆಯೊಳಗಿನ ಗಿಡಕ್ಕೆ ಬಿಸಿಲಿನ ಬದಲು ಹಾಕುವ ದೀಪದ ಪಕ್ಕ ಕೂರುತ್ತೀರಿ, ಮನಸ್ಸಿಗೆ ಒಳ್ಳೆಯದೆಂದು ಯಾರೋ ಹೇಳಿದ್ದಾರೆ, ಆದರೂ ಬೆಳಗ್ಗೆ ಏಳಲಾಗುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಇದು ಬಿಸಿಲು ಕಡಿಮೆಯಾದಾಗ ಬರುವ ಚಳಿಗಾಲದ ಖಿನ್ನತೆ ಇರಬಹುದು, ಏಳಲಾಗದಿರುವುದಕ್ಕೆ ಆ ದೀಪವೂ ಒಂದು ಕಾರಣವಿರಬಹುದು. ನೀವು ನನ್ನ ತಂಗಿಯ ವಯಸ್ಸಿನವರು, ಬಂದಿಳಿದಿರುವುದೂ ನಾನಿರುವ ಸ್ಕಾಟ್ಲೆಂಡ್‌ನ ಅಬರ್ಡೀನ್‌ಗೇ. ಸ್ವಲ್ಪ ಗದರಿ ಬರೆದರೆ ಬೇಸರಿಸಬೇಡಿ.

2017ರ ಡಿಸೆಂಬರ್‌ನಲ್ಲಿ ನಾನು ಮಾಡಿದ್ದೂ ಇದನ್ನೇ. ಹೆಂಡತಿ ಬಾಣಂತನಕ್ಕೆ ದಾವಣಗೆರೆಗೆ ಹೋಗಿದ್ದಳು. ಬೆಳಗ್ಗೆ ಕಚೇರಿಗೆ ಹೋಗುವಾಗ ಕತ್ತಲೆ, ಬರುವಾಗಲೂ ಕತ್ತಲೆ. ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನ್‌ನಲ್ಲಿ ನಾಲ್ಕು ಕೊಂಬೆಯ ಗ್ರೋ ಲೈಟ್ ತರಿಸಿದೆ. ನನ್ನ ಕರಿಬೇವಿನ ಗಿಡಕ್ಕೆ ಎರಡು ಕೊಂಬೆ, ನನಗೆ ಎರಡು. ರಾತ್ರಿ ಎಂಟೂವರೆಗೆ ಅದರ ಕೆಳಗೆ ತಟ್ಟೆ ಇಟ್ಟುಕೊಂಡು ಕೂತರೆ ಮೊಸರನ್ನ ನೇರಳೆಹಣ್ಣು ಕಲಸಿದ ಹಾಗೆ ಕಾಣುತ್ತಿತ್ತು. ಹತ್ತು ದಿನ ಬಿಡದೆ ಕೂತೆ. ತಲೆನೋವು ಬಂತು, ರಾತ್ರಿ ಎರಡಾದರೂ ನಿದ್ದೆ ಹತ್ತುತ್ತಿರಲಿಲ್ಲ, ಬೆಳಗ್ಗೆ ಮೂರು ಅಲಾರಂ ಹೊಡೆದರೂ ಎಚ್ಚರವಿಲ್ಲ. ಸಾಲದೆಂಬಂತೆ ಎದುರು ಮನೆಯ ಅಜ್ಜಿ ಒಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ, ಕಿಟಕಿಯಲ್ಲಿ ಏನು ಬೆಳೆಸುತ್ತಿದ್ದೀರಿ ಎಂದು ಬಹಳ ಮೆಲ್ಲಗೆ ಕೇಳಿದರು. ಗಾಂಜಾ ಅಂದುಕೊಂಡಿದ್ದರು! ಒಳಗೆ ಕರೆದು ಒಂದು ಎಸಳು ಕೈಗಿಟ್ಟು ಮೂಸಿಸಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ಆ ದೀಪದ ಕೆಂಪು, ನೀಲಿ ಎಲೆಗಾಗಿ ಲೆಕ್ಕ ಹಾಕಿದ್ದು, ನಮ್ಮ ಕಣ್ಣಿಗಲ್ಲ. ಅದಕ್ಕಿಂತ ದೊಡ್ಡ ತಪ್ಪು ಹೊತ್ತಿನದು. ಕಣ್ಣಿಗೆ ಬೆಳಗ್ಗೆ ಬಿದ್ದ ಬೆಳಕು ದೇಹದ ಗಡಿಯಾರವನ್ನು ಮುಂದಕ್ಕೆ ತರುತ್ತದೆ, ರಾತ್ರಿ ಬಿದ್ದದ್ದು ಹಿಂದಕ್ಕೆ ತಳ್ಳುತ್ತದೆ. ಇಲ್ಲಿ ಡಿಸೆಂಬರ್ 21ಕ್ಕೆ ಸೂರ್ಯ ಹುಟ್ಟುವುದು ಸುಮಾರು 8:45ಕ್ಕೆ, ಮುಳುಗುವುದು ಮೂರೂವರೆಯೊಳಗೆ. ಬೆಂಗಳೂರಿನಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಮೀರಿ ಬಿಸಿಲಿರುತ್ತದೆ. ಮೊದಲೇ ಹಿಂದೆ ಬಿದ್ದ ಗಡಿಯಾರವನ್ನು ನೀವು ರಾತ್ರಿ ಕೂತು ಇನ್ನಷ್ಟು ಹಿಂದಕ್ಕೆ ತಿರುಗಿಸುತ್ತಿದ್ದೀರಿ.

ನನಗೆ ಫಲ ಕೊಟ್ಟದ್ದು ಲೈಟ್ ಬಾಕ್ಸ್. ಬಿಳಿ ಬೆಳಕು, 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ), ಯುವಿ ಕಿರಣ ಸೋಸಿದ್ದು. ಎದ್ದ ಒಂದು ಗಂಟೆಯೊಳಗೆ ಅರ್ಧ ಗಂಟೆ, ದಿನಾ ಅದೇ ಹೊತ್ತಿಗೆ. ಅಡುಗೆಮನೆ ಮೇಜಿನ ಎಡಗಡೆ ಇಟ್ಟು ಉಪ್ಪಿಟ್ಟು ತಿನ್ನುತ್ತೇನೆ. ದೀಪವನ್ನು ದಿಟ್ಟಿಸಬಾರದು, ಆದರೆ ಬೆಳಕು ಕಣ್ಣಿಗೆ ಬೀಳಬೇಕು. ಬೆನ್ನು ಹಾಕಿ ಪಾತ್ರೆ ತೊಳೆದರೆ ಪ್ರಯೋಜನವಿಲ್ಲ, ಅದನ್ನೂ ಮಾಡಿ ನೋಡಿದ್ದೇನೆ. ನನ್ನದು ಲ್ಯೂಮಿ ಕಂಪನಿಯದು, ಏಳು ಚಳಿಗಾಲ ಕಂಡಿದೆ. ಬ್ಯೂರರ್ ಕಂಪನಿಯದನ್ನು ಇಟ್ಟುಕೊಂಡ ಗೆಳೆಯನೂ ಅದನ್ನು ಹೊಗಳುತ್ತಾನೆ. ಯಾವುದನ್ನೇ ಕೊಳ್ಳಿ, ಡಬ್ಬಿಯ ಮೇಲೆ 10,000 ಎಂದು ದಪ್ಪಕ್ಷರದಲ್ಲಿರುತ್ತದೆ, ಎಷ್ಟು ದೂರಕ್ಕೆ ಎನ್ನುವುದು ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಅಂಗೈಯಗಲದ ದೀಪಗಳಲ್ಲಿ ಆ ದೂರ ಬರೀ 10–15 ಸೆಂಟಿಮೀಟರ್. ಅಷ್ಟು ಹತ್ತಿರ ಮೂಗು ಇಟ್ಟುಕೊಂಡು ಯಾರು ತಿಂಡಿ ತಿನ್ನುತ್ತಾರೆ? ದುಡ್ಡು ಹೋದರೆ ಹೋಗಲಿ, ದೊಡ್ಡದನ್ನೇ ತೆಗೆದುಕೊಳ್ಳಿ.

ಆದರೆ ನಿಲ್ಲಿ, ಇಂದು ರಾತ್ರಿಯೇ ಆರ್ಡರ್ ಮಾಡಬೇಡಿ. ಕಣ್ಣಿನ ಒಳಪರದೆ ರೆಟಿನಾದ ತೊಂದರೆ ಇದ್ದರೆ, ನಿಮಗೋ ಮನೆಯವರಿಗೋ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇದ್ದರೆ, ಬೆಳಕಿಗೆ ಚರ್ಮ ಅಥವಾ ಕಣ್ಣು ಕೆರಳಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಮನಸ್ಸು ಕುಗ್ಗಿದ್ದಕ್ಕೆಂದು ಔಷಧ ಅಂಗಡಿಯಲ್ಲಿ ಡಾಕ್ಟರ ಚೀಟಿಯಿಲ್ಲದೆ ಸಿಗುವ ಸೇಂಟ್ ಜಾನ್ಸ್ ವರ್ಟ್ ಅನ್ನು "ಗಿಡಮೂಲಿಕೆ ತಾನೇ" ಎಂದು ನುಂಗಬೇಡಿ. ಅದು ಗರ್ಭನಿರೋಧಕ ಮಾತ್ರೆಯ ಬಲ ಕುಂದಿಸುತ್ತದೆ, ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ.

ಊರಿಂದ ತಂದ 60,000 ಯೂನಿಟ್‌ನ ವಿಟಮಿನ್ ಡಿ ಪೊಟ್ಟಣವನ್ನು ವಾರಕ್ಕೊಂದು ಹಾಲಿಗೆ ಹಾಕಿ ಕುಡಿಯುತ್ತೇನೆ ಎಂದದ್ದನ್ನೂ ಓದಿದೆ. ಯಾರು ಹೇಳಿದರು? ರಕ್ತ ಪರೀಕ್ಷೆ ಆಗಿದೆಯೇ? ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಚಳಿಗಾಲಕ್ಕೆ ಹೇಳುವುದು ದಿನಕ್ಕೆ 10 ಮೈಕ್ರೊಗ್ರಾಂ, ಎಂದರೆ 400 ಯೂನಿಟ್. ಸೂಪರ್‌ಮಾರ್ಕೆಟ್‌ನ ಸ್ವಂತ ಹೆಸರಿನ ಡಬ್ಬಿಯೇ ಸಾಕು. ಅದು ಮೂಳೆಗೆ, ಮಾಂಸಖಂಡಕ್ಕೆ ಬೇಕು, ಮನಸ್ಸಿನ ಮಾತ್ರೆಯಲ್ಲ.

ಇನ್ನು ಶನಿವಾರ, ಭಾನುವಾರದ ನಿದ್ದೆ. ಗಂಡ ಸಮುದ್ರದ ಎಣ್ಣೆ ರಿಗ್‌ಗೆ ಕೆಲಸಕ್ಕೆ ಹೋಗಿದ್ದಾರೆ, ಎಬ್ಬಿಸುವವರಿಲ್ಲ, ಹನ್ನೊಂದರವರೆಗೆ ಮಲಗುತ್ತೀರಿ. ಅಷ್ಟು ಹೊತ್ತಿಗೆ ಇಲ್ಲಿಯ ಹಗಲಿನ ಮೂರನೇ ಒಂದು ಪಾಲು ಮುಗಿದಿರುತ್ತದೆ. ದೀಪ ಕೊಳ್ಳದಿದ್ದರೂ ಪರವಾಗಿಲ್ಲ, ಏಳುವ ಹೊತ್ತನ್ನು ಮಾತ್ರ ಏಳೂ ದಿನ ಒಂದೇ ಮಾಡಿ. ಮೊದಲ ವಾರ ನರಕ. ನಾನು ಟೈಮರ್ ಹಾಕಿ ಕೋಣೆಯ ದೀಪ ಆರೂವರೆಗೆ ತಾನೇ ಹೊತ್ತಿಕೊಳ್ಳುವಂತೆ ಮಾಡಿದ್ದೆ. ಒಂಬತ್ತನೇ ದಿನ ಅಲಾರಂಗೆ ಮೊದಲೇ ಕಣ್ಣು ಬಿಟ್ಟಿತು. ಏನೂ ಕಾರಣವಿಲ್ಲದೆ ಎದ್ದು ಒಲೆ ಒರೆಸಿದೆ. ಮೂರು ವಾರದಿಂದ ಒಲೆಯ ಮೇಲೆ ಸಾರು ಒಣಗಿ ಅಂಟಿಕೊಂಡಿತ್ತು.

ಅಮ್ಮನ ಫೋನಿಗಾಗಿ ರಾತ್ರಿ ಒಂದರವರೆಗೆ ಕಾಯುವುದೂ ಬೇಡ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿ ಮಧ್ಯಾಹ್ನ ಒಂದಾದಾಗ ಅಲ್ಲಿ ಸಂಜೆ ಆರೂವರೆ, ದೇವರ ಮುಂದೆ ದೀಪ ಹಚ್ಚುವ ಹೊತ್ತು. ಆಗ ಕರೆ ಮಾಡಿ, ನಡೆಯುತ್ತಾ ಮಾತಾಡಿ. ಆಕಾಶ ಬೂದಿಯಂತಿದ್ದರೂ ಹೊರಗಿನ ಬೆಳಕು ಸಾಮಾನ್ಯವಾಗಿ ಸಾವಿರ ಲಕ್ಸ್ ದಾಟುತ್ತದೆ, ಮನೆಯ ಟ್ಯೂಬ್‌ಲೈಟ್ ಕೆಳಗೆ ಇನ್ನೂರು ಮುನ್ನೂರು ಸಿಕ್ಕರೆ ಹೆಚ್ಚು. ಮತ್ತೆ, "ಎಲ್ಲ ಚೆನ್ನಾಗಿದೆ, ಚಳಿ ಅಷ್ಟೆ" ಎಂದು ಅಮ್ಮನಿಗೆ ಹೇಳುತ್ತಿದ್ದೀರಲ್ಲ, ಅದನ್ನು ನಾನು ನಾಲ್ಕು ತಿಂಗಳು ಹೇಳಿದೆ. ಕೊನೆಗೆ ನಿಜ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಮತ್ತೆ ಇಷ್ಟು ದಿನ ಯಾಕೋ ಸುಳ್ಳು ಹೇಳಿದೆ?"

ಬಿಸಿಲಿನ ನಾಡಿನಿಂದ ಬಂದು ಹೀಗೆ ಕುಸಿಯುವುದು ನಿಮ್ಮ ದೌರ್ಬಲ್ಯವಲ್ಲ. 1984ರಲ್ಲಿ ಈ ಚಳಿಗಾಲದ ಖಿನ್ನತೆಯನ್ನು ವಿವರಿಸಿ ಹೆಸರಿಟ್ಟ ವೈದ್ಯ ನಾರ್ಮನ್ ರೋಸೆಂಥಾಲ್ ಕೂಡ ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಹೋದವರು, ಅಲ್ಲಿಯ ಚಳಿಗಾಲದಲ್ಲಿ ತಾವೇ ಮಂಕಾದವರು. ದೀಪವೊಂದೇ ದಾರಿಯೂ ಅಲ್ಲ. ನನಗೆ ಎರಡನೇ ವರ್ಷ ಅದು ಸಾಲಲಿಲ್ಲ, ಡಾಕ್ಟರ ಬಳಿ ಹೋದೆ, ಮಾತಿನ ಚಿಕಿತ್ಸೆ ಪಡೆದೆ. ಅಮೆರಿಕದ ವರ್ಮಾಂಟ್‌ನಲ್ಲಿ ಮನಶ್ಶಾಸ್ತ್ರಜ್ಞೆ ಕೆಲ್ಲಿ ರೋಹನ್ ನಡೆಸಿದ ಅಧ್ಯಯನದಲ್ಲಿ, ಎರಡು ಚಳಿಗಾಲ ಕಳೆದ ಮೇಲೆ, ದೀಪದವರಿಗಿಂತ ಮಾತಿನ ಚಿಕಿತ್ಸೆ ಪಡೆದವರಲ್ಲೇ ಮರುಕಳಿಸಿದ್ದು ಕಡಿಮೆ. ಎರಡು ವಾರದಿಂದ ಹೀಗೇ ಇದೆ ಎಂದು ನೀವೇ ಬರೆದಿದ್ದೀರಿ. ಸೋಮವಾರವೇ ಜಿಪಿಗೆ, ಎಂದರೆ ನಿಮ್ಮ ಬಡಾವಣೆಯ ಡಾಕ್ಟರಿಗೆ ಫೋನ್ ಮಾಡಿ. ಸ್ಕಾಟ್ಲೆಂಡ್‌ನಲ್ಲಿ ಚೀಟಿಯ ಔಷಧಕ್ಕೂ ದುಡ್ಡಿಲ್ಲ. ಬದುಕೇ ಬೇಡವೆನ್ನಿಸಿದರೆ ಸೋಮವಾರಕ್ಕೆ ಕಾಯಬೇಡಿ: ಎನ್‌ಎಚ್‌ಎಸ್‌ನ 111 ಅಥವಾ ಸಂಕಟದಲ್ಲಿರುವವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆಯ 116 123, ಎರಡೂ ಹಗಲು ರಾತ್ರಿ ಇರುತ್ತವೆ. ಜೀವಕ್ಕೆ ಆಗಲೇ ಅಪಾಯವಿದ್ದರೆ ತುರ್ತು ಸಂಖ್ಯೆ 999.

ಕರಿಬೇವು ಸತ್ತಿರಲಿಕ್ಕಿಲ್ಲ. ಉಗುರಿನಿಂದ ಕಾಂಡ ಕೆರೆದು ನೋಡಿ, ಹಸಿರಿದ್ದರೆ ಮಲಗಿದೆ ಅಷ್ಟೆ. ನೀರು ಕಡಿಮೆ ಮಾಡಿ, ಎರಡು ಇಂಚು ಮಣ್ಣು ಒಣಗುವವರೆಗೆ ಮುಟ್ಟಬೇಡಿ, ರೇಡಿಯೇಟರ್ ಪಕ್ಕದಿಂದ ಎತ್ತಿಡಿ. ಆ ಒಣ ಶಾಖಕ್ಕೇ ಎಲೆಯ ರಸ ಹೀರುವ ಸ್ಪೈಡರ್ ಮೈಟ್ ನುಸಿ ಬರುವುದು. ಪಾಟ್ ಬದಲಿಸುವುದು, ಗೊಬ್ಬರ ಎಲ್ಲ ಮಾರ್ಚ್ ಮೇಲೆ. ಗ್ರೋ ಲೈಟ್ ಅದಕ್ಕೇ ಬಿಟ್ಟುಕೊಡಿ, ಹಗಲಿಗೆ ಟೈಮರ್ ಹಾಕಿ.

ಇಲ್ಲಿಯ ಡೂಥಿ ಪಾರ್ಕ್‌ನ ವಿಂಟರ್ ಗಾರ್ಡನ್ಸ್ ನೋಡಿದ್ದೀರಾ? ಗಾಜಿನ ಮನೆ, ಪ್ರವೇಶ ಉಚಿತ, ಬಾಗಿಲು ತೆಗೆದ ಕೂಡಲೇ ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಶನಿವಾರ ಹನ್ನೊಂದಕ್ಕೆ ನಾನೂ ಹೆಂಡತಿಯೂ ಕಳ್ಳಿಗಿಡಗಳ ಕಡೆ ಇರುತ್ತೇವೆ, ಫ್ಲಾಸ್ಕ್‌ನಲ್ಲಿ ಕಾಫಿ ಇರುತ್ತದೆ. ಬನ್ನಿ. ಗಿಡವನ್ನು ಮಾತ್ರ ತೋರಿಸಲೆಂದು ಹೊತ್ತು ತರಬೇಡಿ, ಬಸ್ ಸ್ಟಾಪಿನ ಚಳಿಗೆ ಉಳಿದ ನಾಲ್ಕು ಎಲೆಯೂ ಉದುರಿಹೋಗುತ್ತದೆ.