ಟಾಪ್ಸ್‌ಗೆ ಅರ್ಜಿ ಎಲ್ಲಿ ಹಾಕಬೇಕು?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. 400 ಮೀಟರ್ ಹರ್ಡಲ್ಸ್ ಓಡುತ್ತಾಳೆ. ರಾಜ್ಯ ಮಟ್ಟದಲ್ಲಿ ಬೆಳ್ಳಿ ಬಂದಿದೆ. ಸ್ಪೈಕ್ಸ್, ಊಟ, ಬೆಂಗಳೂರಿಗೆ ಓಡಾಟ ಎಲ್ಲಾ ಸೇರಿ ಕೈ ಕಚ್ಚುತ್ತಿದೆ. ಕೇಂದ್ರ ಸರ್ಕಾರದ ಟಾಪ್ಸ್ (ಟಾರ್ಗೆಟ್ ಒಲಿಂಪಿಕ್ ಪೋಡಿಯಂ ಸ್ಕೀಮ್) ಯೋಜನೆಯಲ್ಲಿ ತಿಂಗಳಿಗೆ 50 ಸಾವಿರ ಕೊಡುತ್ತಾರಂತೆ. ಅರ್ಜಿ ಎಲ್ಲಿ ಹಾಕಬೇಕು ಮೇಡಂ?
– ಹೆಸರು ಬೇಡ, ಅರಸೀಕೆರೆ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳ ಈಗಿನ ಹಂತಕ್ಕೆ ಟಾಪ್ಸ್ ಅಲ್ಲ. 2014ರಲ್ಲಿ ಶುರುವಾದ ಆ ಯೋಜನೆ ಒಲಿಂಪಿಕ್ಸ್ ಪದಕದ ಹತ್ತಿರ ಬಂದವರಿಗೆ. ಮಿಷನ್ ಒಲಿಂಪಿಕ್ ಸೆಲ್ ಎಂಬ ಸಮಿತಿ ಸಾಧನೆ ನೋಡಿ ಹೆಸರು ಸೇರಿಸುತ್ತದೆ, ಸಾಧನೆ ಇಳಿದರೆ ತೆಗೆಯುತ್ತದೆ. ಮುಂದಿನ ಒಲಿಂಪಿಕ್ಸ್‌ಗೆ ಸಿದ್ಧವಾಗುವ ಕೋರ್ ಗುಂಪಿನ ಒಬ್ಬೊಬ್ಬರಿಗೂ ತಿಂಗಳಿಗೆ 50,000 ರೂಪಾಯಿ, ಅದರ ನಂತರದ ಒಲಿಂಪಿಕ್ಸ್‌ಗೆ ಬೆಳೆಸುವ ಡೆವಲಪ್‌ಮೆಂಟ್ ಗುಂಪಿನವರಿಗೆ 25,000. ಇದು ಬರೀ ಕೈಖರ್ಚಿಗೆ. ವಿದೇಶದ ತರಬೇತಿ, ಸಲಕರಣೆ, ಫಿಸಿಯೊ, ವಿಮಾನದ ಟಿಕೆಟ್ ಎಲ್ಲಾ ಬೇರೆ.

ಟಾಪ್ಸ್‌ನಲ್ಲಿದ್ದ ನೀರಜ್ ಚೋಪ್ರಾ ಅವರನ್ನೇ ನೋಡಿ. 2019ರಲ್ಲಿ ಅವರಿಗೆ ಮೊಣಕೈ ಆಪರೇಷನ್ ಆಯಿತು. ಜಾವೆಲಿನ್ ಎಸೆಯುವವರಿಗೆ ಅದು ಸಣ್ಣ ವಿಷಯ ಅಲ್ಲ. 2021ರಲ್ಲಿ ಟೋಕಿಯೊದಲ್ಲಿ ಅವರು 87.58 ಮೀಟರ್ ಎಸೆದು ಚಿನ್ನ ಗೆದ್ದರು. ನಡುವಿನ ಆ ಕಾಲದಲ್ಲಿ ಜರ್ಮನಿಯ ಕೋಚ್ ಕ್ಲಾಸ್ ಬಾರ್ಟೋನಿಟ್ಜ್, ಫಿಸಿಯೊ, ವಿದೇಶದ ಕ್ಯಾಂಪ್ ಎಲ್ಲವೂ ಸಿಕ್ಕವು. ಒಬ್ಬರಿಗೆ ಅಷ್ಟೊಂದು ದುಡ್ಡು ಯಾಕೆ ಅಂತ ಕೇಳುವವರಿದ್ದಾರೆ. ನಾನು ಕೇಳುವುದಿಲ್ಲ. ಆ ಮಟ್ಟದಲ್ಲಿ ಅರ್ಧಂಬರ್ಧ ಖರ್ಚು ಮಾಡಿದರೆ ಅದೂ ದಂಡ.

ನಿಮ್ಮ ಮಗಳು ಈಗ ನೋಡಬೇಕಾದ್ದು ಕೇಂದ್ರದ್ದೇ ಆದ ಖೇಲೋ ಇಂಡಿಯಾ ಯೋಜನೆ. ಆಯ್ಕೆಯಾದರೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವು. ಪೂರ್ತಿ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ತಿಂಗಳಿಗೆ 10,000 ಕೈಖರ್ಚಿಗೆ, ಉಳಿದದ್ದು ಅಕಾಡೆಮಿಯ ತರಬೇತಿ, ವಸತಿ, ಊಟಕ್ಕೆ. ಅಲ್ಲಿಗೆ ದಾರಿ ರಾಷ್ಟ್ರೀಯ ಕೂಟಗಳು ಮತ್ತು ಖೇಲೋ ಇಂಡಿಯಾ ಯೂತ್ ಗೇಮ್ಸ್. ಬೆಂಗಳೂರಿನ ಜ್ಞಾನಭಾರತಿ ಬಳಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಆಯ್ಕೆ ಟ್ರಯಲ್ಸ್‌ಗೂ ಕಾಯುತ್ತಿರಿ. ರಾಜ್ಯದ ಕ್ರೀಡಾ ಇಲಾಖೆಯ ವಸತಿ ನಿಲಯಗಳೂ ಇವೆ, ಬೆಂಗಳೂರಿನ ವಿದ್ಯಾನಗರದಲ್ಲಿ ಒಂದಿದೆ. ಜಿಲ್ಲಾ ಕ್ರೀಡಾಂಗಣದ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ.

ಕಾಗದಪತ್ರ ಇವತ್ತೇ ಸರಿಮಾಡಿಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಒಂದೇ ಹೆಸರು, ಒಂದೇ ಜನ್ಮದಿನ ಇರಬೇಕು. ವಯಸ್ಸಿನ ಗೋಲ್‌ಮಾಲ್ ಜಾಸ್ತಿಯಾಗಿ ಈಗ ಎಲ್ಲರನ್ನೂ ಅನುಮಾನದಿಂದಲೇ ನೋಡುತ್ತಾರೆ. ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಕೂಟಗಳಲ್ಲೇ ಓಡಿಸಿ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತೆಗೆದ ಟೈಮಿಂಗ್ ಮೇಲಿನ ಹಂತದಲ್ಲಿ ನಡೆಯುವುದಿಲ್ಲ.

ನನಗೆ ನಿಜವಾಗಿ ಸಂಕಟ ಆಗುವುದು ಎಲ್ಲಿ ಗೊತ್ತಾ? 16ರಿಂದ 20ರ ವಯಸ್ಸಿನ ಮಕ್ಕಳ ವಿಷಯದಲ್ಲಿ. ನಾನು ಕೋಚ್ ಆಗಿದ್ದಾಗ ಒಬ್ಬ ಹುಡುಗಿಗೆ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ನಾವಿದ್ದ ಕಡೆ ಫಿಸಿಯೊ ಇರಲಿಲ್ಲ. ನೋವಿನಲ್ಲೇ ಓಡಿದಳು, ಮತ್ತೆ ಹರಿಯಿತು, ಪಿಯುಸಿ ಮುಗಿಯುವಷ್ಟರಲ್ಲಿ ಟ್ರ್ಯಾಕ್ ಬಿಟ್ಟಳು. ಅವಳಿಗೆ ಬೇಕಿದ್ದದ್ದು ಒಬ್ಬ ಫಿಸಿಯೊ, ದಿನಾ ಎರಡು ಮೊಟ್ಟೆ, ಆರು ತಿಂಗಳ ವಿಶ್ರಾಂತಿ. ಪ್ರತಿ ಜಿಲ್ಲಾ ಕ್ರೀಡಾಂಗಣಕ್ಕೂ ಒಬ್ಬ ಫಿಸಿಯೊ ಕೊಡಿ ಎಂದು ನಾನು ಈಗಲೂ ಕೇಳುತ್ತಲೇ ಇದ್ದೇನೆ. ಮಗಳು ನೋವು ಅಂದರೆ ಆ ವಾರ ಓಡಿಸಬೇಡಿ. ಕೂಟ ಯಾವುದೇ ಇರಲಿ.

ಪ್ರಶ್ನೆ: ಪದಕ ಗೆದ್ದ ಮೇಲೆ ಲಕ್ಷ, ಕೋಟಿ ಕೊಡುವ ಬದಲು ಮೊದಲೇ ಕೊಡಬಾರದಾ?
– ಓದುಗ, ತಿಪಟೂರು

ಉತ್ತರ: ಎರಡೂ ಬೇಕು. ಒಲಿಂಪಿಕ್ಸ್ ಚಿನ್ನಕ್ಕೆ ಕೇಂದ್ರ ಕೊಡುವ 75 ಲಕ್ಷವನ್ನು ಕಿತ್ತುಕೊಳ್ಳಿ ಎಂದು ನಾನಂತೂ ಹೇಳಲಾರೆ. ಆದರೆ ಅಲ್ಲಿಯವರೆಗೆ ಮನೆ ನಡೆಸುವುದು ಸಂಬಳ. ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಶೂಟರ್ ಸ್ವಪ್ನಿಲ್ ಕುಸಾಳೆ ರೈಲ್ವೆ ನೌಕರ. ನೀರಜ್ ಸೇನೆಗೆ ಸೇರಿದಾಗ ಅವರಿನ್ನೂ ಒಲಿಂಪಿಕ್ಸ್ ಕಂಡಿರಲಿಲ್ಲ. ಕ್ರೀಡಾ ಕೋಟಾದ ಕೆಲಸಗಳನ್ನು ಖಾಲಿ ಬಿಡದೆ ಆಯಾ ವರ್ಷವೇ ತುಂಬಿದರೆ, ಅದೇ ನೀವು ಕೇಳುತ್ತಿರುವ ಮೊದಲೇ ಕೊಡುವ ದುಡ್ಡು.