ಪ್ರೊಸೆಸರ್‌ಗೆ ಕೈ ಹಾಕುವ ಮೊದಲು ರ‍್ಯಾಮ್ ನೋಡಿ

ಈ ಸಲ ಓವರ್‌ಕ್ಲಾಕ್ (ಕಂಪನಿ ಹೇಳಿದ ವೇಗಕ್ಕಿಂತ ಜಾಸ್ತಿ ಓಡಿಸುವುದು) ಬಗ್ಗೆಯೇ ಪತ್ರಗಳು ಜಾಸ್ತಿ ಬಂದಿವೆ. ಎಲ್ಲರೂ ದೂರುವುದು ಪ್ರೊಸೆಸರ್ ಅನ್ನು. ಓದುತ್ತಾ ಹೋದರೆ ತಕರಾರು ಇರುವುದು ರ‍್ಯಾಮ್‌ನಲ್ಲಿ. ಅದಕ್ಕೇ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನದು ರೈಜನ್ 5 3600, ಬಿ450 ಬೋರ್ಡ್. 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್ ಇವೆ. ಪ್ಯಾಕೆಟ್ ಮೇಲೆ 3600 ಎಂದಿದೆ, ಟಾಸ್ಕ್ ಮ್ಯಾನೇಜರ್ ಮಾತ್ರ 2400 ತೋರಿಸುತ್ತಿತ್ತು. ಅಂಗಡಿಯವರು ಮೋಸ ಮಾಡಿದರಾ? ಆಮೇಲೆ ಒಂದು ವಿಡಿಯೋ ನೋಡಿ ಪ್ರೊಸೆಸರ್ ಅನ್ನು 4.2 ಗಿಗಾಹರ್ಟ್ಸ್‌ಗೆ, ರ‍್ಯಾಮ್ ಅನ್ನು 3800ಕ್ಕೆ ಒಂದೇ ಸಲ ಏರಿಸಿದೆ. ಈಗ ಗೇಮ್ ಆಡುವಾಗ ಮಧ್ಯದಲ್ಲೇ ಮುಚ್ಚಿಕೊಳ್ಳುತ್ತದೆ. ಪ್ರೊಸೆಸರ್ ಹಾಳಾಯಿತಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಪ್ರೊಸೆಸರ್‌ಗೆ ಏನೂ ಆಗಿರಲಿಕ್ಕಿಲ್ಲ. ಅಂಗಡಿಯವರೂ ಮೋಸ ಮಾಡಿಲ್ಲ. ಪ್ರತಿ ಸ್ಟಿಕ್ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ, ಅದರಲ್ಲಿ ಆ ಸ್ಟಿಕ್‌ನ ಜಾತಕವೇ ಬರೆದಿರುತ್ತದೆ. ಬೋರ್ಡ್ ಮೊದಲು ಓದುವುದು ಎಲ್ಲ ಕಡೆ ನಡೆಯುವ ಸಾದಾ ಲೆಕ್ಕವನ್ನು: 1.2 ವೋಲ್ಟ್, 2133 ಅಥವಾ 2400 ವೇಗ. ನೀವು ದುಡ್ಡು ಕೊಟ್ಟ 3600 ಇರುವುದು ಎಕ್ಸ್‌ಎಂಪಿ ಎಂಬ ಇನ್ನೊಂದು ಪಟ್ಟಿಯಲ್ಲಿ, ಸಾಮಾನ್ಯವಾಗಿ 1.35 ವೋಲ್ಟ್‌ಗೆ. ಅದನ್ನು ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ, ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ನಾವೇ ಆನ್ ಮಾಡಬೇಕು. ರೈಜನ್ ಮಾಡುವ ಎಎಂಡಿ ಕಂಪನಿಯ ಪ್ರೊಸೆಸರ್ ಹಿಡಿಸುವ ಬೋರ್ಡ್‌ಗಳಲ್ಲಿ ಇದಕ್ಕೆ ಡಿಒಸಿಪಿ, ಎ-ಎಕ್ಸ್‌ಎಂಪಿ ಅಂತೆಲ್ಲ ಹೆಸರು. ವರ್ಷಗಟ್ಟಲೆ ಇದನ್ನು ಆನ್ ಮಾಡದೇ ಬಳಸಿದವರ ಮಷೀನು ಈಗಲೂ ನನ್ನ ಟೇಬಲ್‌ಗೆ ಬರುತ್ತವೆ. ಇನ್ನು, ಸಿಪಿಯು-ಝಡ್ ಎಂಬ ಸಾಫ್ಟ್‌ವೇರ್‌ನಲ್ಲಿ 1800 ಎಂದು ಕಂಡರೆ ಮತ್ತೆ ಅಂಗಡಿಗೆ ಜಗಳಕ್ಕೆ ಹೋಗಬೇಡಿ. ಡಿಡಿಆರ್ ರ‍್ಯಾಮ್ ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಸಾಗಿಸುತ್ತದೆ. 1800 ಇದ್ದರೆ 3600 ಅಂತಲೇ ಲೆಕ್ಕ.

ಈಗ ಮುಖ್ಯ ವಿಷಯ. ನಿಮ್ಮ ರೈಜನ್‌ನಲ್ಲಿ ಲೆಕ್ಕ ಮಾಡುವ ಕೋರ್‌ಗಳು ಒಂದು ಚಿಪ್‌ನಲ್ಲಿವೆ, ರ‍್ಯಾಮ್ ಜೊತೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಇನ್ನೊಂದರಲ್ಲಿ. ಎರಡೂ ಇರುವುದು ಪ್ರೊಸೆಸರ್ ಒಳಗೇ. ಅವುಗಳ ನಡುವಿನ ದಾರಿಗೆ ಇನ್ಫಿನಿಟಿ ಫ್ಯಾಬ್ರಿಕ್ ಎಂದು ಹೆಸರು. ರ‍್ಯಾಮ್ 1800ರಲ್ಲಿ, ಫ್ಯಾಬ್ರಿಕ್ಕೂ 1800ರಲ್ಲಿ ಓಡಿದರೆ ಕೆಲಸ ಚೆನ್ನಾಗಿ ಸಾಗುತ್ತದೆ. ನೀವು 3800 ಹಾಕಿದಾಗ ಫ್ಯಾಬ್ರಿಕ್ 1900ಕ್ಕೆ ಹೋಗಬೇಕು. ಅದಕ್ಕೆ ಈ ತಲೆಮಾರಿನ ಹಲವು ಚಿಪ್‌ಗಳು ಒಪ್ಪುವುದಿಲ್ಲ. ಆಟೋದಲ್ಲಿ ಬಿಟ್ಟರೆ, 3600 ದಾಟಿದ ಮೇಲೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುವುದೂ ಉಂಟು. ಸ್ಕ್ರೀನ್ ಮೇಲೆ ನಂಬರ್ ದೊಡ್ಡದು, ಕೆಲಸ ನಿಧಾನ. ಈ ಪ್ರೊಸೆಸರ್‌ಗೆ ಎಎಂಡಿ ಕೊಟ್ಟ ಮಾತು 3200ರವರೆಗೆ ಮಾತ್ರ. ಅಂದರೆ 3600 ಹಾಕಿದರೇ ಪ್ರೊಸೆಸರ್‌ನ ಒಂದು ಭಾಗವನ್ನು ಓವರ್‌ಕ್ಲಾಕ್ ಮಾಡಿದಂತೆ, ನೀವು ಹಾಕಿದ್ದು 3800. ಅದರ ಮೇಲೆ ಕೋರ್‌ಗಳನ್ನೂ ಏರಿಸಿದರೆ, ಕ್ರ್ಯಾಶ್ ಆದಾಗ ಯಾರನ್ನು ಹಿಡಿಯುವುದು?

ಹಾಗಾಗಿ ಬಯೋಸ್ ಅನ್ನು ಡೀಫಾಲ್ಟ್‌ಗೆ ತನ್ನಿ. ಎಕ್ಸ್‌ಎಂಪಿ ಒಂದನ್ನೇ 3600ಕ್ಕೆ ಆನ್ ಮಾಡಿ. ಪೆನ್‌ಡ್ರೈವ್‌ನಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್, "ಒಂದೇ ತಾನೇ" ಅನ್ನಬೇಡಿ. ಆ ಒಂದು ತಪ್ಪು ಬಿಟ್ ನಿಮ್ಮ ಪ್ರಾಜೆಕ್ಟ್ ಫೈಲ್‌ಗೆ ಹೋಗಿ ಕೂತರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಪಾಸಾದ ಮೇಲೆ ಕೋರ್ ಏರಿಸಿ, ಪ್ರೊಸೆಸರ್‌ಗೆ ಬೆವರಿಳಿಸುವ ಪ್ರೈಮ್95 ಎಂಬ ಸಾಫ್ಟ್‌ವೇರ್ ಓಡಿಸಿ. ಅದರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಎಂಬ ಪರೀಕ್ಷೆ ಹೆಚ್ಚಾಗಿ ಕೋರ್ ಮತ್ತು ಕ್ಯಾಶ್ (ಪ್ರೊಸೆಸರ್‌ನದೇ ಪುಟ್ಟ ಮೆಮೊರಿ) ಒಳಗೇ ಮುಗಿಯುತ್ತದೆ, ಬ್ಲೆಂಡ್ ಎಂಬುದು ರ‍್ಯಾಮ್ ಅನ್ನೂ ಎಳೆದು ತರುತ್ತದೆ. ಮೊದಲನೆಯದು ಪಾಸಾಗಿ ಎರಡನೆಯದು ಬಿದ್ದರೆ ಅನುಮಾನ ಯಾರ ಮೇಲೆ ಎಂದು ಹೇಳಬೇಕಿಲ್ಲ, ಅಲ್ವಾ?

ನನ್ನನ್ನು ಕೇಳಿದರೆ, ಈ ಪ್ರೊಸೆಸರ್‌ನ ಕೋರ್ ಮುಟ್ಟಲೇಬೇಡಿ. ಬೇಕಾದಾಗ ಅದು ತಾನಾಗಿಯೇ 4.2ರವರೆಗೆ ಹೋಗುತ್ತದೆ. ನಿಮ್ಮ ಲಾಭ ಇರುವುದು 2400ರಿಂದ 3600ಕ್ಕೆ ಬರುವುದರಲ್ಲಿ. ಲೆಕ್ಕ ಸುಲಭ: ಸ್ಟಿಕ್ ಮೇಲಿನ ಸಿಎಲ್ ಸಂಖ್ಯೆಯನ್ನು (ಕೇಳಿದ ಡೇಟಾ ಕೊಡಲು ರ‍್ಯಾಮ್ ಎಷ್ಟು ಕ್ಲಾಕ್ ಕಾಯಿಸುತ್ತದೆ ಎಂಬುದು) 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. 2400 ಸಿಎಲ್17 ಆದರೆ ಸುಮಾರು 14 ನ್ಯಾನೋಸೆಕೆಂಡ್. 3600 ಸಿಎಲ್18 ಆದರೆ 10. ಕಡಿಮೆ ಬಂದಷ್ಟೂ ಒಳ್ಳೆಯದು. 3200 ಸಿಎಲ್16 ಕೂಡ 10ಕ್ಕೇ ಬರುತ್ತದೆ. ಆದ್ದರಿಂದ ನಿಮ್ಮ ಬೋರ್ಡ್ 3600ಕ್ಕೆ ತಕರಾರು ಮಾಡಿದರೆ 3200ಕ್ಕೆ ಇಳಿಸಿ, ಸಿಎಲ್ 16 ಮಾಡಿ. ಬೇಸರ ಮಾಡಿಕೊಳ್ಳುವಂಥದ್ದೇನೂ ಇಲ್ಲ.

ಪ್ರಶ್ನೆ: ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ರೈಜನ್ 7 7700, ಡಿಡಿಆರ್5 6000ದ 16 ಜಿಬಿ ಸ್ಟಿಕ್ ಎರಡು ಇದ್ದವು, ಚೆನ್ನಾಗಿತ್ತು. ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೆರಡು ತಂದು 64 ಜಿಬಿ ಮಾಡಿದೆ. ಈಗ 6000ಕ್ಕೆ ಆನ್ ಆಗುವುದೇ ಇಲ್ಲ. ಕಷ್ಟಪಟ್ಟು 5200ಕ್ಕೆ ನಿಲ್ಲಿಸಿದೆ, ಮಧ್ಯಾಹ್ನದ ಹೊತ್ತು ರೆಂಡರ್ ಮಾಡುವಾಗ ರೀಸ್ಟಾರ್ಟ್ ಆಗುತ್ತದೆ. ರಾತ್ರಿ ಆಗುವುದಿಲ್ಲ.
— ಓದುಗರು, ರಾಯಚೂರು

ಉತ್ತರ: "ಅದೇ ಮಾಡೆಲ್" ಎನ್ನುವುದು ಲೇಬಲ್ ಮಾತು. ಒಳಗಿನ ಚಿಪ್ ಬೇರೆ ಇರಬಹುದು. ಒಂದೇ ಇದ್ದರೂ ನಾಲ್ಕು ಸ್ಟಿಕ್ ಹಾಕಿದರೆ ಕಂಟ್ರೋಲರ್ ಮೇಲೆ ಹೊರೆ ಹೆಚ್ಚುತ್ತದೆ. ಎಎಂಡಿಯೇ ಈ ಪ್ರೊಸೆಸರ್‌ಗೆ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ ಬರೀ 3600 ಎಂದು ಬರೆದಿದೆ. ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ನೀವು ನಾಲ್ಕಿಟ್ಟುಕೊಂಡು 5200 ಓಡಿಸುತ್ತಿರುವುದು ದೊಡ್ಡ ಓವರ್‌ಕ್ಲಾಕೇ.

ಮಧ್ಯಾಹ್ನದ ಗುಟ್ಟು ಸೆಕೆಯಲ್ಲಿದೆ. ರ‍್ಯಾಮ್‌ನಲ್ಲಿ ಒಂದೊಂದು ಬಿಟ್ ಕೂಡ ಒಂದೊಂದು ಪುಟಾಣಿ ಕೆಪಾಸಿಟರ್‌ನಲ್ಲಿ ನಿಂತ ಚಾರ್ಜ್. ಅದು ಸೋರುತ್ತಲೇ ಇರುತ್ತದೆ. ಅದಕ್ಕೆ ಆಗಾಗ ಮತ್ತೆ ತುಂಬಿಸುತ್ತಿರಬೇಕು, ಅದನ್ನೇ ರಿಫ್ರೆಶ್ ಎನ್ನುತ್ತಾರೆ. ಬಿಸಿ ಹೆಚ್ಚಾದಷ್ಟೂ ಬೇಗ ಸೋರುತ್ತದೆ. 85 ಡಿಗ್ರಿ ದಾಟಿದರೆ ಎರಡು ಪಟ್ಟು ರಿಫ್ರೆಶ್ ಬೇಕು ಎಂದು ನಿಯಮವೇ ಇದೆ. ಡಿಡಿಆರ್5ನಲ್ಲಿ ವೋಲ್ಟೇಜ್ ನೋಡಿಕೊಳ್ಳುವ ಚಿಪ್ ಕೂಡ ಸ್ಟಿಕ್ ಮೇಲೇ ಕೂತಿದೆ, ಅದರದ್ದೂ ಒಂದಿಷ್ಟು ಕಾವು. ನಾಲ್ಕು ಸ್ಟಿಕ್ ಒತ್ತಾಗಿ ನಿಂತು, ಹೊರಗೆ ರಾಯಚೂರಿನ ಬೇಸಿಗೆಯ 40 ಡಿಗ್ರಿ ಇದ್ದರೆ ಒಳಗೆ ಗಾಳಿ ಎಲ್ಲಿಂದ ಬರಬೇಕು? ಜನವರಿಯಲ್ಲಿ ಪಾಸಾದ ಸೆಟ್ಟಿಂಗ್ ಏಪ್ರಿಲ್‌ನಲ್ಲಿ ಬೀಳುವುದನ್ನು ತುಂಬಾ ನೋಡಿದ್ದೇನೆ. ನಿಮ್ಮೂರಲ್ಲಿ ಪರೀಕ್ಷೆ ಮಾಡುವುದಾದರೆ ಮಟಮಟ ಮಧ್ಯಾಹ್ನವೇ ಮಾಡಿ.

ನಾಲ್ಕನ್ನೂ ಮಾರಿ 32 ಜಿಬಿಯ ಎರಡು ತೆಗೆದುಕೊಳ್ಳಿ, ಒಂದೇ ಪ್ಯಾಕೆಟ್‌ನಲ್ಲಿ ಬಂದದ್ದು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಆಗ ರ‍್ಯಾಮ್‌ಗೆ ಒಗ್ಗುವ ಸೆಟ್ಟಿಂಗ್ ಹುಡುಕುತ್ತಿರುತ್ತದೆ, ಅವಸರ ಮಾಡಿ ಸ್ವಿಚ್ ಆಫ್ ಮಾಡಬೇಡಿ. ಹಾಂ, "ಡಿಡಿಆರ್5ನಲ್ಲಿ ಇಸಿಸಿ ಇದೆ, ಎರರ್ ಬರೋದೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಇಸಿಸಿ (ತಪ್ಪು ತಿದ್ದುವ ವ್ಯವಸ್ಥೆ) ಚಿಪ್ ಒಳಗಿನ ತಪ್ಪನ್ನು ಮಾತ್ರ ತಿದ್ದುತ್ತದೆ. ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಆದ ತಪ್ಪನ್ನಲ್ಲ.

ಪ್ರಶ್ನೆ: ಹಳೆಯ ಕೋರ್ 2 ಕ್ವಾಡ್ ಕ್ಯೂ6600 ಇದೆ, ಡಿಡಿಆರ್2 800 ರ‍್ಯಾಮ್. ಸುಮ್ನೆ ಖುಷಿಗೆ 3 ಗಿಗಾಹರ್ಟ್ಸ್ ಮಾಡೋಣ ಎಂದು ಎಫ್‌ಎಸ್‌ಬಿ 333 ಇಟ್ಟೆ. ಬೀಪ್ ಹೊಡೆದು ನಿಂತುಬಿಡುತ್ತದೆ.
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ನೋಡಿ ಖುಷಿಯಾಯಿತು. ಗುಣಾಕಾರ ಬಲ್ಲವರಿಗೆ ಇದು ಒಳ್ಳೆಯ ಆಟ. ಎಫ್‌ಎಸ್‌ಬಿ, ಅಂದರೆ ಪ್ರೊಸೆಸರ್ ಮತ್ತು ಬೋರ್ಡ್ ನಡುವಿನ ದಾರಿಯ ಕ್ಲಾಕ್, 266. ಅದನ್ನು ಗುಣಿಸುವ ಮಲ್ಟಿಪ್ಲೈಯರ್ 9. 266 ಗುಣಿಸು 9, ನಿಮ್ಮ 2.4 ಗಿಗಾಹರ್ಟ್ಸ್. 333 ಗುಣಿಸು 9 ಅಂದರೆ 3. ಅಷ್ಟು ಸರಿ. ಆದರೆ ಆ ಕಾಲದ ಬೋರ್ಡ್‌ಗಳಲ್ಲಿ ರ‍್ಯಾಮ್ ವೇಗವೂ ಅದೇ ಎಫ್‌ಎಸ್‌ಬಿಗೆ ಕಟ್ಟಿದೆ. 266ಕ್ಕೆ ರ‍್ಯಾಮ್ 400ರಲ್ಲಿ (ಎರಡು ಪಟ್ಟಿನ ಲೆಕ್ಕದಲ್ಲಿ 800), ಅಂದರೆ 2:3 ಅನುಪಾತ. ನೀವು 333 ಮಾಡಿದಾಗ ರ‍್ಯಾಮ್ ಸದ್ದಿಲ್ಲದೆ 500ಕ್ಕೆ ಹೋಯಿತು. ಡಿಡಿಆರ್2 800ರ ಸ್ಟಿಕ್‌ಗೆ 1000 ಓಡು ಎಂದರೆ ಬೀಪ್ ಹೊಡೆಯದೆ ಏನು ಮಾಡೀತು? ಬಯೋಸ್‌ನಲ್ಲಿ ಮೊದಲು ರ‍್ಯಾಮ್ ಅನ್ನು 533ಕ್ಕೆ, ಅಂದರೆ 1:1ಕ್ಕೆ ಇಳಿಸಿ. ಆಮೇಲೆ 333 ಇಡಿ. ರ‍್ಯಾಮ್ 667ರಲ್ಲಿ ಆರಾಮಾಗಿ ಓಡುತ್ತದೆ. ಧೈರ್ಯ ಬಂದರೆ ಮಲ್ಟಿಪ್ಲೈಯರ್ 8ಕ್ಕೆ ಇಳಿಸಿ 400 ಇಟ್ಟು ನೋಡಿ. ಪ್ರೊಸೆಸರ್ 3.2, ರ‍್ಯಾಮ್ ಸರಿಯಾಗಿ ತನ್ನ 800. ಕೂಲರ್ ಒಳ್ಳೆಯದಿರಲಿ.

ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಷೀನು ಜೋಡಿಸುತ್ತಿದ್ದ ಕಾಲದಲ್ಲೂ ಇದೇ ಕಥೆ. 1998ರಲ್ಲಿ ಬಂದ ಸೆಲೆರಾನ್ 300ಎ ಆಗ ಬಡವರ ಪಾಲಿನ ದೇವರು. ಬಸ್ (ಅದೇ ಎಫ್‌ಎಸ್‌ಬಿ) 66 ಇದ್ದದ್ದನ್ನು 100 ಮಾಡಿದರೆ 4.5ರ ಗುಣಾಕಾರದಲ್ಲಿ 300 ಹೋಗಿ 450 ಮೆಗಾಹರ್ಟ್ಸ್. ಪ್ರೊಸೆಸರ್ ಬಹಳ ಸಲ ಒಪ್ಪುತ್ತಿತ್ತು. ಹಳೆಯ ಪಿಸಿ66 ರ‍್ಯಾಮ್ ಹಾಕಿದವರ ಮಷೀನು ಮಾತ್ರ ವಿಂಡೋಸ್ ಲೋಡ್ ಆಗುವಾಗಲೇ ಮಲಗುತ್ತಿತ್ತು. ಪಿಸಿ100 ಸ್ಟಿಕ್ ತರಿಸಿ ಹಾಕಿದರೆ ಎದ್ದು ಕೂರುತ್ತಿತ್ತು.

ಪ್ರಶ್ನೆ: ಐ5-12400, ಎಚ್610 ಬೋರ್ಡ್, 8 ಜಿಬಿ ಒಂದೇ ಸ್ಟಿಕ್. ಓವರ್‌ಕ್ಲಾಕ್ ಆಗುತ್ತದಾ?
— ಓದುಗರು, ಹಾವೇರಿ

ಉತ್ತರ: ಇಲ್ಲ. ಪ್ರೊಸೆಸರ್‌ನ ಮಲ್ಟಿಪ್ಲೈಯರ್ ಲಾಕ್ ಆಗಿದೆ, ಆ ಬೋರ್ಡ್‌ನಲ್ಲಿ ರ‍್ಯಾಮ್ ಕೂಡ ಡಿಡಿಆರ್4 ಆದರೆ 3200ಕ್ಕೇ ನಿಲ್ಲುತ್ತದೆ. ಅದರ ಬದಲು ಇನ್ನೊಂದು 8 ಜಿಬಿ ಸ್ಟಿಕ್ ಹಾಕಿ. ಎರಡು ಚಾನೆಲ್, ಅಂದರೆ ಡೇಟಾ ಓಡಲು ಎರಡು ದಾರಿ ಆಗುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಆ ವ್ಯತ್ಯಾಸ ಮೊದಲ ಗೇಮ್‌ನಲ್ಲೇ ಕಾಣುತ್ತದೆ.

ಪ್ರಶ್ನೆ: ರ‍್ಯಾಮ್ ಟೈಮಿಂಗ್ (ಸಿಎಲ್‌ನಂಥ ಸಂಖ್ಯೆಗಳು) ಬದಲಿಸಿದ ಮೇಲೆ ಡಿಸ್‌ಪ್ಲೇನೇ ಬರುತ್ತಿಲ್ಲ. ಬೋರ್ಡ್ ಸುಟ್ಟುಹೋಯಿತಾ?
— ಓದುಗರು, ಕುಂದಾಪುರ

ಉತ್ತರ: ಸುಟ್ಟಿಲ್ಲ. ಪವರ್ ಕೇಬಲ್ ಕಿತ್ತು, ಬೋರ್ಡ್ ಮೇಲಿನ ದುಂಡನೆಯ ಸಿಆರ್2032 ಸೆಲ್ ಅನ್ನು ಐದು ನಿಮಿಷ ತೆಗೆದಿಡಿ. ಆಗ ಸೆಟ್ಟಿಂಗ್ ಎಲ್ಲ ಅಳಿಸಿ ಮೊದಲಿನಂತೆ ಆನ್ ಆಗುತ್ತದೆ. ಸೆಲ್ ಹಳೆಯದಾಗಿದ್ದರೆ ಹೊಸದನ್ನೇ ಹಾಕಿಬಿಡಿ. ಮುಂದಿನ ಸಲ ಟೈಮಿಂಗ್ ಬದಲಿಸುವ ಮುಂಚೆ ಬಯೋಸ್ ಸ್ಕ್ರೀನ್‌ನ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.