ಗಣಿತ ಬಿಟ್ಟು ಸಾಗರ ವಿಜ್ಞಾನ ಓದಬಹುದೇ?

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ಸಾಗರ ವಿಜ್ಞಾನ ಓದುವ ಆಸೆಯಿದೆ. ಜೀವಶಾಸ್ತ್ರ ನನಗೆ ಇಷ್ಟ, ಗಣಿತವೆಂದರೆ ಅಳುಕು. ಗಣಿತವನ್ನು ಕೈಬಿಟ್ಟರೆ ತೊಂದರೆಯೇ?

ಉತ್ತರ: ದಯವಿಟ್ಟು ಕೈಬಿಡಬೇಡಿ. ಸಮುದ್ರದಲ್ಲಿ ಜೀವಶಾಸ್ತ್ರದ ಪ್ರಶ್ನೆಯೊಂದು ನಿಮ್ಮನ್ನು ಬೇರೆ ಶಾಸ್ತ್ರಗಳತ್ತ ಎಳೆದೊಯ್ಯದೆ ಇರುವುದಿಲ್ಲ. ಒಂದು ಹನಿ ಕಡಲ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಗಾಜಿನ ಪುಟ್ಟ ಡಬ್ಬಿಯಂತೆ ಕಾಣುವ, ಸಿಲಿಕಾದ ಕವಚವುಳ್ಳ ಡಯಾಟಮ್ ಎಂಬ ಏಕಕೋಶ ಪಾಚಿ ಕಣ್ಣಿಗೆ ಬೀಳಬಹುದು. ಅದು ಒಂದು ಋತುವಿನಲ್ಲಿ ವಿಪರೀತ ಹೆಚ್ಚಿ, ಮತ್ತೊಂದರಲ್ಲಿ ವಿರಳವಾಗುವುದೇಕೆ ಎಂದು ಕೇಳಿದೊಡನೆ, ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ, ಗಾಳಿಯು ಮೇಲ್ಪದರವನ್ನು ಎಷ್ಟು ಕಲಕುತ್ತದೆ, ಪಾಚಿಗೆ ಬೇಕಾದ ಪೋಷಕಾಂಶಗಳಾದ ನೈಟ್ರೇಟ್ ಮತ್ತು ಸಿಲಿಕೇಟ್ ಕೆಳಗಿನ ನೀರಿನಿಂದ ಮೇಲಕ್ಕೆ ಬರುತ್ತವೆಯೇ ಎಂಬುದನ್ನೆಲ್ಲ ಅಳೆಯಬೇಕಾಗುತ್ತದೆ. ಕೆಲವೇ ಬಾಟಲಿಗಳ ಮಾದರಿಯಿಂದ ಇಡೀ ಕೊಲ್ಲಿಯ ಬಗ್ಗೆ ಮಾತನಾಡಲು ಸಂಖ್ಯಾಶಾಸ್ತ್ರ ಅನಿವಾರ್ಯ. ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಅದನ್ನೇ.

ಶಾಸ್ತ್ರಗಳ ಈ ಬೆಸುಗೆ ಹೊಸದೇನಲ್ಲ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ಜೀವಿಗಳನ್ನು ಸಂಗ್ರಹಿಸುವುದರ ಜೊತೆಗೆ ನೀರಿನ ಆಳವನ್ನೂ ಉಷ್ಣತೆಯನ್ನೂ ದಾಖಲಿಸಿತ್ತು. ಇಂದು ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆಯ ತೇಲು ಉಪಕರಣಗಳು ಸುಮಾರು 10 ದಿನಗಳಿಗೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತಾ ಉಷ್ಣತೆ, ಲವಣಾಂಶಗಳನ್ನು ಅಳೆದು ಉಪಗ್ರಹಕ್ಕೆ ಕಳುಹಿಸುತ್ತವೆ. ಆ ಮಾಹಿತಿ ಎಲ್ಲರಿಗೂ ಉಚಿತವಾಗಿ ಸಿಗುವುದರಿಂದ ಈಗಲೇ ತೆರೆದು ನೋಡಿ, ಒಂದು ನಕ್ಷೆ ಬಿಡಿಸಲು ಪ್ರಯತ್ನಿಸಿ. ಈಜು, ಡೈವಿಂಗ್ ಬಾರದಿದ್ದರೂ ಚಿಂತೆಯಿಲ್ಲ, ಬಹಳಷ್ಟು ಸಂಶೋಧನೆ ನಡೆಯುವುದು ಪ್ರಯೋಗಾಲಯದಲ್ಲಿ ಮತ್ತು ಕಂಪ್ಯೂಟರಿನ ಮುಂದೆ.